ಎರಡನೇ ಗೇರು

ಇಳಿಜಾರು ಬಂದರೆ ಸಾಕು
ಕಾಪರನ ಕಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತದೆ.
ಎರಡನೇ ಗೇರು.
ಬೆನ್ನ ಹಿಂದೆ ಹನ್ನೆರಡು ಟನ್ ಕಲ್ಲಿದ್ದಲು ಇದೆಯೆಂಬಂತೆ.
ಇರುವುದು ಒಂದು ಕಂಬಳಿ, ಅರ್ಧ ಕಲ್ಲಂಗಡಿ,
ಬಟ್ಟೆಯಲ್ಲಿ ಕಟ್ಟಿದ ಬೋರ್ಸೋಕ್,
ಬೇಡವೆಂದರೂ ಕೇಳದೆ ಆತ ಹಾಕಿಕೊಂಡ
ಇನ್ನೊಂದು ಫ್ಯಾನ್ ಬೆಲ್ಟು.

ಮೂವತ್ತೆಂಟು ವರ್ಷ ಇದೇ ದಾರಿ.
ಗಣಿಯಿಂದ ಕೊಚ್ಕೋರಿಗೆ, ಕೊಚ್ಕೋರಿನಿಂದ ಗಣಿಗೆ.
ಮನೆಗೆ ಬಂದು ಮುಖ ತೊಳೆದರೆ
ಮೂರು ಚೊಂಬು ನೀರು ಕಪ್ಪು, ನಾಲ್ಕನೆಯದು ಬೂದು.
ಮದುವೆಯ ಹೊಸತರಲ್ಲಿ ಕೇಳಿದ್ದೆ: ಮೇಲೆ ಏನೇನಿದೆ?
ಇಪ್ಪತ್ತೇಳು ತಿರುವು, ಎಂದಿದ್ದ.

ಸುಳ್ಳಲ್ಲ. ಇವತ್ತು ನಾನೇ ಎಣಿಸಿದೆ.
ಒಂದೊಂದಕ್ಕೂ ಅವನಲ್ಲಿ ಹೆಸರುಂಟು:
ಟೈರು ತಿಂದದ್ದು, ಎಸೆನ್ ಉರುಳಿದ್ದು,
ಹಿಮ ತಡವಾಗಿ ಬಿಡುವುದು,
ಏನೂ ಆಗದ್ದು ಎಂಬುದೂ ಒಂದು.
ಹತ್ತೊಂಬತ್ತನೆಯದರ ಅಂಚಿನಲ್ಲಿ
ಬಾನೆಟ್ಟಿಗೆ ತಲೆ ತಾಗಿಸಿ ನಿಂತಿದ್ದ
ಹಳದಿ ಹೂವು ತೋರಿಸಿ ಇದೇನೆಂದೆ.
ಇಳಿದ. ಟೈರಿನ ಗಾಳಿ ನೋಡುವವನಂತೆ
ಕುಕ್ಕರಗಾಲಲ್ಲಿ ಕೂತ, ತುಂಬ ಹೊತ್ತು.
ಆಮೇಲೆ,
'ಇದು ಮುಂಚೆ ಇರಲಿಲ್ಲ' ಎಂದ.

ನಗಬಾರದೆಂದುಕೊಂಡೆ. ನಕ್ಕೆ.

ನಿಧಾನ ಹೋದೆವು. ಎಷ್ಟು ನಿಧಾನವೆಂದರೆ
ಕುದುರೆಮರಿಯೊಂದು ನಮ್ಮ ಪಕ್ಕ ಓಡಿ,
ದಾಟಿ, ಇವರಲ್ಲಿ ಸತ್ವವಿಲ್ಲವೆಂದು
ತಾಯಿಯ ಹತ್ತಿರ ವಾಪಸು ಹೋಯಿತು.
ಒಂದು ಜೀಪು ಹಾರ್ನು ಬಾರಿಸಿ ಮುಂದೆ ನುಗ್ಗಿತು.
ಅದರ ಧೂಳು ಇಳಿಯುವವರೆಗೂ ಕಾರು ನಿಲ್ಲಿಸಿದೆವು.
ಯಾವ ಅವಸರ?
ಕಿಟಕಿಯ ಹೊರಗೆ ಅವನ ಎಡಗೈ,
ಬಲಗೈಗಿಂತ ಹತ್ತು ವರ್ಷ ಹೆಚ್ಚು ಬಿಸಿಲು ಕಂಡದ್ದು,
ಸುಮ್ಮನೆ ಗಾಳಿ ಮುಟ್ಟುತ್ತಿತ್ತು.

ಮೊದಲು ಸಿಕ್ಕಿದ್ದು ಚಿಕ್ಕ ಕೊಳ.
ಬಂಡೆಗಳ ನಡುವೆ, ಹೊದ್ದು ಮಲಗಿದ ಮಗು
ಒಂದೇ ಕಣ್ಣು ತೆರೆದಂತೆ.
'ಇಲ್ಲಿ ರೇಡಿಯೇಟರಿಗೆ ನೀರು ಹಿಡಿಯುತ್ತಿದ್ದೆವು.
ಒಳ್ಳೆಯ ನೀರು.'
ಕುಡಿದಿದ್ದೀಯಾ?
'ಇಲ್ಲ. ಲಾರಿ ಕುಡಿದಿದೆ.'
ಬೊಗಸೆಯಲ್ಲಿ ಎತ್ತಿ ಕುಡಿದ.
ಹಲ್ಲು ಜುಮ್ಮೆಂದಿರಬೇಕು, ಕಣ್ಣು ಮುಚ್ಚಿದ.

ಮೇಲೆ ಹುಲ್ಲುಗಾವಲು. ಅದನ್ನು ಹೇಗೆ ಹೇಳಲಿ?
ಕಾಲಿಡಲು ಜಾಗ ಹುಡುಕಬೇಕು, ಅಷ್ಟೇ ಹೇಳುವೆ.
ನೇರಳೆ ಇತ್ತು, ಬೆಂಕಿಕಡ್ಡಿ ತಲೆಯಷ್ಟು ನೀಲಿ ಇತ್ತು,
ಉಣ್ಣೆ ಹೊದ್ದ ಬಿಳಿಯದೊಂದು
ಜುಲೈನಲ್ಲೂ ಚಳಿಯನ್ನು ನಂಬದೆ ನಿಂತಿತ್ತು.
ಗುಂಡು ಡೇರೆಯ ಜೂರಾ
ಕೋಲಾ ಬಾಟಲಿಯಿಂದ ಕುಮಿಸ್ ಬಗ್ಗಿಸುತ್ತ
ಕಾಪರನ ಮುಖ ನೋಡಿದಳು, ಗುರುತು ಸಿಗಲಿಲ್ಲ.
ಲಾರಿಯ ಬಣ್ಣ ಹೇಳಿದ. ಸಿಕ್ಕಿತು.
'ಓ, ನಸುಕಿನ ಐದಕ್ಕೆ ಹಾರ್ನು ಹೊಡೆಯುತ್ತಿದ್ದವ!
ನಮ್ಮ ನಾಯಿ ರಸ್ತೆಯ ತನಕ ಓಡುತ್ತಿತ್ತು.'
'ಅದಕ್ಕೇ ಹೊಡೆಯುತ್ತಿದ್ದೆ' ಎಂದ ಕಾಪರ.
ಮೂವತ್ತೆಂಟು ವರ್ಷದಲ್ಲಿ ನನಗೆ ಹೇಳಿರಲಿಲ್ಲ.

ಬಾಗಿಲ ಬಳಿ ಮಲಗಿದ್ದು ಆ ನಾಯಿಯ ಮೊಮ್ಮಗನೋ ಮರಿಮಗನೋ.
ಕಾರಿನ ತನಕ ನಡೆದು ಹೋಗಿ
ಹಾರ್ನು ಒತ್ತಿದ. ಮಗಳ ಕಾರು, ಕೋಳಿಮರಿಯ ದನಿ.
ನಾಯಿ ಒಂದು ಕಿವಿ ಎತ್ತಿ
ಅದನ್ನೂ ಇಳಿಸಿತು.

ಸಂಜೆಗೆ ಸೋಂಗ್ ಕೋಲ್.
ನೀರೆಂದರೆ ಇಷ್ಟೂ ಇರುತ್ತದೆಯೇ ಎಂದು ನಾನು ಕೂತೇ ಬಿಟ್ಟೆ.
ಆತ ಮಾತ್ರ ತಲೆ ಓರೆ ಮಾಡಿ,
ಏನೋ ಕಳೆದುಕೊಂಡವನಂತೆ ಆಚೆ ಈಚೆ ನೋಡಿದ.
'ಹಿಮದ ಪಟ್ಟೆಯ ಗುಡ್ಡ ಎಡಕ್ಕಿರಬೇಕು' ಎಂದ,
'ಇದು ಬಲಕ್ಕಿದೆ.'

ತುಂಬಿದ ಲಾರಿಯನ್ನು ಇಲ್ಲಿ ನಿಲ್ಲಿಸುವ ಹಾಗಿಲ್ಲ.
ಇಷ್ಟು ದೊಡ್ಡ ಸರೋವರವನ್ನು ಆತ
ಅಂಗೈಯಗಲದ ಕನ್ನಡಿಯಲ್ಲೇ
ನೋಡುತ್ತ ಬಂದಿದ್ದ, ಬೆನ್ನು ಹಾಕಿ.

ಬಿಸಿಲು ಹೋಗುವವರೆಗೆ ಕಲ್ಲಂಗಡಿ ತಿಂದೆವು.
ಬೀಜಗಳನ್ನು ಆತ ಜೇಬಿಗೆ ಹಾಕಿಕೊಂಡ, ಯಾಕೋ ಗೊತ್ತಿಲ್ಲ.
ಹೊರಟಾಗ ಕನ್ನಡಿಯನ್ನು ಕೊಂಚ ತಿರುಗಿಸಿ,
'ನೋಡು' ಎಂದ, 'ಈಗ ಸರಿಯಾಯಿತು.'
ಕತ್ತು ಚಾಚಿ ನೋಡಿದೆ.
ನನಗೆ ಕಂಡದ್ದು ಹಿಂದಿನ ಸೀಟಿನ ಕಂಬಳಿ,
ಅದರ ಮೇಲೆ ಉದುರಿದ ಒಂದು ಹಳದಿ ಎಸಳು.
'ಹೌದು' ಎಂದೆ.

ಇಳಿಜಾರು ಬಂತು.
ಎರಡನೇ ಗೇರು.